ಕುಂಕುಮಕ್ಕೆಂದು ತಂದ ಡಬ್ಬಿ

ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್‌ಗೆ ಏನು ಕೊಟ್ಟರೂ ಮೊದಲು ಅದರ ತಳ ನೋಡುವ ಚಾಳಿ. ಕಾಫಿ ಲೋಟವನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ, ಅಡಿಯ ಮುದ್ರೆ ಓದಿಯೇ ಕುಡಿಯುತ್ತಿದ್ದರು. "ತಳ ನೋಡದೆ ಏನೂ ಹೇಳಬಾರದು" ಎನ್ನುವುದು ಅವರ ಮಾತು. ಇಂಡಿಯಾದಲ್ಲಿದ್ದಾಗ ಮದ್ದುಗುಂಡಿನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು.

ಒಂದು ಭಾನುವಾರ ಹಳೆ ಸಾಮಾನಿನ ಮಾರ್ಕೆಟ್ಟಿನಿಂದ ನಾನು ತಿರುಪಿನ ಮುಚ್ಚಳದ ಪುಟ್ಟ ಕಪ್ಪು ಡಬ್ಬಿಯೊಂದನ್ನು ತಂದೆ. ಅದಕ್ಕೆ ತುಂಬಲೆಂದು ನನ್ನ ಹೆಂಡತಿ ಕುಂಕುಮದ ಪೊಟ್ಟಣ ಕತ್ತರಿಸಿದ್ದಳು. ಕಾಫಿಗೆ ಬಂದಿದ್ದ ಅಂಕಲ್ ಡಬ್ಬಿಯನ್ನು ಮಗುಚಿ, ಕನ್ನಡಕ ಹಣೆಗೇರಿಸಿ, ತಳದಲ್ಲಿ ಒತ್ತಿದ್ದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಕಂಪನಿ, ಇದು ಇಸವಿ. ಜರ್ಮನ್ ಮಾಲು, ವಾರ್ ಟೈಮಿಂದು. ಫಿರಂಗಿ ಗುಂಡು ಸಿಡೀಲಿ ಅಂತ ಅದರ ಮೂತಿಗೆ ಫ್ಯೂಸ್ ಹಾಕ್ತಾರಲ್ಲ, ಅದನ್ನ ಇಡ್ತಿದ್ದ ಡಬ್ಬಿ."

"ತೊಳೆದು ಕುಂಕುಮ ಇಡಬಹುದಾ ಅಂಕಲ್?" ಎಂದಳು ಇವಳು.

"ಇಡಬಹುದಮ್ಮ, ಡೇಂಜರ್ ಏನಿಲ್ಲ." ಮುಚ್ಚಳ ತೆಗೆದು ಒಳಗೆ ತುಂಬ ಹೊತ್ತು ನೋಡಿದರು. "ಖಾಲಿ ಇದೆ ನೋಡು. ಅಂದ್ರೆ ಒಳಗಿದ್ದದ್ದು ಎಲ್ಲೋ, ಯಾರ ಮೇಲೋ ಬಿದ್ದಾಗಿದೆ."

ಅವಳು ಪೊಟ್ಟಣದ ಬಾಯಿ ಮಡಚಿದಳು. ಅಂಕಲ್ ಕಾಫಿ ಕುಡಿದರು. ಅವತ್ತು ಲೋಟದ ತಳ ನೋಡಲಿಲ್ಲ.