ಕಾಫಿ ಮಿಷನ್ನಿಗೆ ಮದ್ದಿನ ಪಂಪಿನ ಕಾಕ್

ಎಂಬತ್ತರ ದಶಕದ ನಡುವಿನಲ್ಲಿ ನಾನು ಪುತ್ತೂರಿನ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಯಾವ ಯಂತ್ರ ಕಂಡರೂ ಬಿಚ್ಚದೆ ಬಿಡುವ ಜಾತಿಯವನಲ್ಲ ನಾನು. ಬಿಚ್ಚಿದ್ದೆಲ್ಲ ಮತ್ತೆ ಕೂಡಿಕೊಳ್ಳುತ್ತಿತ್ತು ಎಂದು ಮಾತ್ರ ಹೇಳಲಾರೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಕ್ಕ ನನ್ನ ಜೊತೆಗಿದ್ದಳು, ರವಿಕೆ ಹೊಲಿಯುತ್ತಿದ್ದಳು. ಭಾವ ಗಲ್ಫಿನಲ್ಲಿ ಇಟಲಿಯ ಎಂಜಿನಿಯರೊಬ್ಬರ ಮನೆಯಲ್ಲಿ ಡ್ರೈವರ್. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ರಜೆ. ಮದುವೆಯಾಗಿ ಆರು ವರ್ಷವಾದರೂ ಗಂಡನಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದು ಅಕ್ಕನಿಗೆ ಸರಿಯಾಗಿ ಗೊತ್ತಿರಲಿಲ್ಲ.

ಆ ಸಲ ಭಾವ ಒಂದು ಕಾಫಿ ಮಿಷನ್ ತಂದರು. ಹೊಸದು ಕೊಂಡ ಸಾಹೇಬರು ಹಳೆಯದನ್ನು ಇವರಿಗೆ ಕೊಟ್ಟದ್ದಂತೆ. ಕರೆಂಟು ಕೊಟ್ಟರೆ ಒಳಗಿನ ಪುಟ್ಟ ಪಂಪು ಬಿಸಿನೀರನ್ನು ಒತ್ತುತ್ತಿತ್ತು. ಹಿಡಿಕೆಯಿದ್ದ ಬಟ್ಟಲಿನಲ್ಲಿ ಅಮುಕಿಟ್ಟ ಪುಡಿಯೊಳಗಿಂದ ಆ ನೀರು ಕಾಫಿಯಾಗಿ ಇಳಿಯಬೇಕು.

"ಇದರಲ್ಲಿ ನಮ್ಮ ಪುಡಿಯ ಕಾಫಿ ಸರಿ ಇಳಿದರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಹಾಕುವ. ಮತ್ತೆ ನಾನು ಹೋಗುದಿಲ್ಲ" ಎಂದರು ಭಾವ.

ಅವರು ಅದನ್ನು ಎಷ್ಟು ಮನಸ್ಸಿಟ್ಟು ಹೇಳಿದರೋ ಗೊತ್ತಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಅಷ್ಟು ಸಾಕಾಯಿತು, ನಾನು ಸ್ಪ್ಯಾನರ್ ಹಿಡಿದೆ.

ಇಳಿಯಲಿಲ್ಲ. ನಮ್ಮ ಪುಡಿಯಲ್ಲಿ ಚಿಕೋರಿ, ನೀರು ತಾಗಿದ ಕೂಡಲೇ ಉಬ್ಬಿ ಕೂತುಬಿಡುತ್ತಿತ್ತು. ಪಂಪು ಗುರ್ ಎನ್ನುತ್ತಿತ್ತು, ಲೋಟಕ್ಕೆ ಎರಡು ಹನಿ ಬೀಳುತ್ತಿತ್ತು. ತರಿ ಪುಡಿ ಹಾಕಿದರೆ ಪಾತ್ರೆ ತೊಳೆದ ನೀರು. ಚಿಕೋರಿ ಇಲ್ಲದ ಪುಡಿ ತರುವ ಎಂದರೆ ಭಾವ, "ಚಿಕೋರಿ ಇಲ್ಲದ ಕಾಫಿ ಪುತ್ತೂರಲ್ಲಿ ಯಾರು ಕುಡಿತಾರೆ?" ಎಂದುಬಿಟ್ಟರು. ಒಂದೂವರೆ ತಿಂಗಳು ಕಳೆಯಿತು. ಅಕ್ಕ ದಿನಾ ಬೆಳಿಗ್ಗೆ, "ಇವತ್ತು ಆದೀತಾ?" ಎಂದು ಕೇಳುವಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಕೈಲಾಗದವನು ಮೈ ಪರಚಿಕೊಳ್ಳುವುದು ಎಂದರೆ ಅದೇ.

ಕೊನೆಗೆ ತಲೆಗೆ ಹೊಳೆಯಿತು. ನೀರು ಒಮ್ಮೆಲೇ ನುಗ್ಗಬಾರದು. ಮೊದಲು ಸ್ವಲ್ಪ ಬಿಟ್ಟು ಪುಡಿ ನೆನೆಸಬೇಕು, ಆಮೇಲೆ ಕೈಯಲ್ಲೇ ಹದ ನೋಡುತ್ತ ಹೆಚ್ಚಿಸಬೇಕು. ಪಂಪಿಗೂ ಬಟ್ಟಲಿಗೂ ನಡುವೆ ನಲ್ಲಿಯ ಹಾಗೆ ತಿರುಗಿಸುವ ಒಂದು ಕಾಕ್ ಬೇಕು, ಅದು ಒತ್ತಡವನ್ನೂ ತಾಳಬೇಕು. ನಮ್ಮೂರಿನಲ್ಲಿ ಒತ್ತಡ ತಾಳುವ ಹಿತ್ತಾಳೆಯ ಕಾಕ್ ಎಂದರೆ ಒಂದೇ, ಕೊಳೆರೋಗಕ್ಕೆ ಅಡಿಕೆ ಮರದ ತುದಿಗೆ ಮದ್ದು ಹಾರಿಸುವ ಪಂಪಿನದು. ಅಂಗಡಿಯ ಮೂಲೆಯಲ್ಲಿ ಹಳೆಯದೊಂದು ಬಿದ್ದಿತ್ತು. ಹುಣಸೆಹುಳಿ ಹಾಕಿ ತಿಕ್ಕಿದೆ, ಕುದಿಸಿದೆ, ಹೊರಗೆ ಚಿನ್ನದ ಹಾಗೆ ಹೊಳೆಯಿತು. ಲೇತ್ ಅಂಗಡಿಯಲ್ಲಿ ತಿರುಪಿನ ಮರೆ ಕೊರೆಸಿ, ಫ್ರಿಜ್ಜಿನ ತಾಮ್ರದ ಕೊಳವೆಗೆ ಬೆಸುಗೆ ಹಾಕಿ ಕೂರಿಸಿದೆ.

ಕಾಕನ್ನು ಕೂದಲೆಳೆಯಷ್ಟು ತಿರುಗಿಸಿ ಕಾದೆ. ಪುಡಿ ನೆನೆಯಿತು. ಇನ್ನಷ್ಟು ತಿರುಗಿಸಿದೆ. ಕಪ್ಪಗೆ, ದಪ್ಪಗೆ, ನೂಲಿನ ಹಾಗೆ ಕಾಫಿ ಇಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಇಳಿದದ್ದನ್ನು ನೋಡಿದೆನೇ ಹೊರತು ಕುಡಿದು ನೋಡಲಿಲ್ಲ. ನಾನು ಚಹಾ ಕುಡಿಯುವವನು. ಅಕ್ಕನೂ ಬಾಯಿಗೆ ಹಾಕಲಿಲ್ಲ, ಮೊದಲ ಲೋಟ ಇವರಿಗೇ ಎಂದು ಹಟ ಹಿಡಿದಳು.

ಭಾನುವಾರ ಸಂಜೆ ಭಾವನನ್ನು ಕುರ್ಚಿಯಲ್ಲಿ ಕೂರಿಸಿದೆವು. ನಾನು ಕಾಕ್ ತಿರುಗಿಸಿದೆ, ಅಕ್ಕ ಹಾಲು ಸಕ್ಕರೆ ಬೆರೆಸಿ ಕೊಟ್ಟಳು. ಭಾವ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಎದ್ದು ಅಂಗಳದ ತುದಿಗೆ ಹೋಗಿ ಉಗುಳಿದರು. ಹುಟ್ಟಿದಾಗಿನಿಂದ ಅಡಿಕೆಯ ಮದ್ದಿಗೆ ಮೈಲುತುತ್ತು, ಸುಣ್ಣ ಕದಡಿದ ಮನೆಯವರು, ಅವರಿಗೆ ಗೊತ್ತಾಗದೆ ಇರುತ್ತದೆಯೇ? ಕಾಕಿನ ಒಳಗೆ ಎಷ್ಟು ಮಳೆಗಾಲದ ಮದ್ದು ಗಟ್ಟಿಕಟ್ಟಿ ಕೂತಿತ್ತೋ, ಕುದಿನೀರು ಅದನ್ನು ಬಿಡಿಸಿತ್ತು.

"ಎಂತ ಭಾವ," ಎಂದರು. ನಮ್ಮಲ್ಲಿ ಅಕ್ಕನ ಗಂಡ, ಹೆಂಡತಿಯ ತಮ್ಮ, ಇಬ್ಬರೂ ಒಬ್ಬರಿಗೊಬ್ಬರು ಭಾವನೇ. "ನಂಗೆ ಕೊಳೆರೋಗ ಬಂದದ್ದು ಉಂಟಾ?"

ಅವರು ನಕ್ಕರು. ನಾನೂ ನಗಲು ನೋಡಿದೆ. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಇರ್ಲಿ ಮಾರಾಯ, ಮುಂದಿನ ಸಲ ಬರುವಾಗ ನೋಡುವ" ಎಂದರು ಭಾವ.

ಅಕ್ಕನ ನಗು ಅಲ್ಲಿಗೆ ನಿಂತಿತು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಮಂಗಳೂರಿನಿಂದ ಹೊಸ ಕಾಕ್ ತರುತ್ತೇನೆ, ಎರಡೇ ದಿನ ಕೊಡಿ ಎಂದು ಭಾವನ ಹಿಂದೆ ಮುಂದೆ ಸುತ್ತಿದೆ. ಅವರು ಆಯಿತು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮುಂದಿನ ವಾರ ಅವರನ್ನು ಮಂಗಳೂರಿನ ಬಸ್ಸು ಹತ್ತಿಸಿ ಬಂದೆವು.

ಮನೆಗೆ ಬಂದಾಗ ಮಿಷನ್ ಸ್ಟೂಲಿನ ಮೇಲೆ ಹಾಗೆಯೇ ಇತ್ತು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಹಾಳು ಮಾಡಿದ್ದು ನಾನು. ಆ ಕಾಕ್ ಒಂದು ಹಾಕದೆ ಇದ್ದಿದ್ರೆ ಭಾವ ನಿಲ್ತಿದ್ರು" ಎಂದೆ.

ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ನೂಲು ಹಾಕುತ್ತಿದ್ದಳು. "ಅವರು ಬಂದ ದಿನ ಪೆಟ್ಟಿಗೆಯಿಂದ ಬಟ್ಟೆ ತೆಗೆಯುವಾಗ ನೋಡಿದ್ದೇನೆ. ವಾಪಾಸು ಹೋಗುವ ಟಿಕೆಟು ಅಡಿಯಲ್ಲಿತ್ತು. ತಾರೀಕೂ ಹಾಕಿತ್ತು, ಇವತ್ತಿನದ್ದೇ."

"ಮತ್ತೆ ದಿನಾ ನನ್ನತ್ರ ಆದೀತಾ, ಆದೀತಾ ಅಂತ ಕೇಳಿದ್ದು ಎಂತಕ್ಕೆ? ಮೊದಲೇ ಹೇಳ್ಬಾರದಿತ್ತಾ?"

"ನೀನು ಎಂತಾದ್ರೂ ಮಾಡ್ತಾ ಇದ್ದಿಯಲ್ಲ. ನಂಗೆ ಮಾಡ್ಲಿಕ್ಕೆ ಎಂತ ಇತ್ತು?"

ಅವಳು ಹೊಲಿಗೆ ಮಿಷನ್ ತುಳಿಯತೊಡಗಿದಳು. ನಾನು ಸ್ಪ್ಯಾನರ್ ತಂದು ಕಾಕ್ ಬಿಚ್ಚುತ್ತ ಕೂತೆ.