ಬೆರಳಿಲ್ಲದ ಕಾಲುಚೀಲ

ಮುಂಬೈಯಲ್ಲಿ ಪಾರ್ಲರಿನಿಂದ ಹೊರಬಿದ್ದ ಸೌಂದರ್ಯದ ಆಯುಸ್ಸು ಹೆಚ್ಚೆಂದರೆ ಎರಡು ಸ್ಟೇಷನ್. ಪರೇಲಿನಲ್ಲಿ ಫೇಶಿಯಲ್ ಮಾಡಿಸಿಕೊಂಡವರ ಹೊಳಪು ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಬೆವರಾಗಿರುತ್ತದೆ. ನೆಟ್ಟಗೆ ಮಾಡಿಸಿಕೊಂಡ ಕೂದಲು ಲೋಕಲ್ಲಿನ ಬಾಗಿಲಿನ ಗಾಳಿಗೆ ತನ್ನ ಹಳೆಯ ಸುರುಳಿಗಳನ್ನೆಲ್ಲ ನೆನಪಿಸಿಕೊಳ್ಳುತ್ತದೆ. ಹಾಗಾಗಿ ಪಾರ್ಲರಿನ ಫಲವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ನನ್ನದು ಖಚಿತವಾದ ಉತ್ತರ: ಮುಖ, ಕೂದಲುಗಳ ಗೊಡವೆ ಬೇಡ, ಪಾದದಿಂದ ಶುರುಮಾಡಿ. ಪಾದವನ್ನು ರೈಲಿನಲ್ಲಿ ಯಾರೂ ನೋಡುವುದಿಲ್ಲ. ತುಳಿಯುತ್ತಾರೆ, ಅಷ್ಟೆ.

ಈ ಜ್ಞಾನ ಬಂದದ್ದು ನನಗೆ ಅರವತ್ತು ತುಂಬಿದ್ದರಿಂದ. ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾಗಿ ವಡಾಲದ ಮನೆಯಲ್ಲಿ ಸುಮ್ಮನೆ ಕೂತಿದ್ದವನಿಗೆ ಷಷ್ಟ್ಯಬ್ದಿ ಮಾಡಬೇಕೆಂದು ಮಗಳು ಮೇಘನಾ ಹಟ ಹಿಡಿದಳು. ಇವಳು ಕನ್ನಡವನ್ನು ಪೂರ್ತಿ ಅರ್ಥಮಾಡಿಕೊಳ್ಳುತ್ತಾಳೆ, ಆಡುವಾಗ ಮಾತ್ರ ಹಿಂದಿಯ ಕೈ ಹಿಡಿದು ನಡೆಯುತ್ತಾಳೆ. ಹೋಮ, ಹಾರ, ಊಟ ಯಾವುದರ ಮೇಲೂ ಅವಳಿಗೆ ಆಸೆಯಿರಲಿಲ್ಲ. ಗೆಳತಿಯೊಬ್ಬಳು ತನ್ನ ಅಪ್ಪ ಅಮ್ಮನ ಷಷ್ಟ್ಯಬ್ದಿಯಲ್ಲಿ ಅವರ ಪಾದ ತೊಳೆದದ್ದನ್ನು ನೋಡಿ ಬಂದಿದ್ದಳು.

“ಪಪ್ಪಾ, ಮುಝೆ ಬಸ್ ಅದೊಂದು ಮಾಡ್ಬೇಕು. ನಿಮ್ದೂ ಅಮ್ಮಂದೂ ಕಾಲು ನಾನೇ ತೊಳೀಬೇಕು.”

ಒಳಗಿನಿಂದ ನನ್ನ ಹೆಂಡತಿ ಸರೋಜಳ ದನಿ ಬಂತು. “ಏನು ಬೇಕಾದ್ರೂ ಮಾಡ್ಕೊಳ್ಳಿ. ನನ್ನ ಕಾಲು ಮಾತ್ರ ಯಾರೂ ಮುಟ್ಟೋ ಹಾಗಿಲ್ಲ.”

ಮೇಘನಾಳ ಮುಖ ಸಣ್ಣದಾಯಿತು. ಕಾರಣ ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯ ಅರಿಶಿನ ಕುಂಕುಮದಲ್ಲಿ ನನ್ನ ಚಿಕ್ಕಪ್ಪನ ಸೊಸೆ ಇಂದಿರಾ ಹೆಂಗಸರ ಪಾದಕ್ಕೆಲ್ಲ ಅರಿಶಿನ ಹಚ್ಚುತ್ತ ಬಂದವಳು ಸರೋಜಳ ಹಿಮ್ಮಡಿಯ ಹತ್ತಿರ ನಿಂತುಬಿಟ್ಟಳಂತೆ. “ಅಯ್ಯೋ ಸರೋಜಾ, ನಿನ್ನ ಬಿರುಕಿಗೆ ಒಂದು ಡಬ್ಬಿ ಅರಿಶಿನ ಹಿಡಿಯತ್ತಲ್ಲೇ!” ಎಂದಳಂತೆ. ಎಲ್ಲರೂ ನಕ್ಕರು, ಸರೋಜಳೂ ನಕ್ಕಳು. ಅಂದಿನಿಂದ ನಾಲ್ಕು ಜನರ ನಡುವೆ ಕೂತರೆ ಅವಳ ಪಾದ ಸೀರೆಯ ಅಂಚಿನೊಳಗೆ ಸೇರಿಕೊಳ್ಳುತ್ತದೆ.

ಪಾದದ ವಿಷಯದಲ್ಲಿ ನಮ್ಮವರ ನಡತೆ ಯೋಚಿಸಬೇಕಾದದ್ದು. ದೇವರನ್ನು ವರ್ಣಿಸುವಾಗ ಪಾದದಿಂದ ಆರಂಭಿಸಿ ಮುಡಿಯವರೆಗೆ ಏರಬೇಕು, ಮನುಷ್ಯರನ್ನು ವರ್ಣಿಸುವಾಗ ಮುಡಿಯಿಂದ ಆರಂಭಿಸಿ ಇಳಿಯಬೇಕು ಎನ್ನುವುದು ಹಳೆಯ ಕವಿಗಳ ಕಟ್ಟಳೆ. ಇಳಿಯಬೇಕೇನೋ ಸರಿ, ಹೆಚ್ಚಿನವರು ಸೊಂಟದ ಹತ್ತಿರವೇ ಇಳಿದುಹೋಗುತ್ತಾರೆ. ಅಲ್ಲಿಂದ ಕೆಳಗೆ ಹಾರ್ಬರ್ ಲೈನಿನ ಕೊನೆಯ ಸ್ಟೇಷನ್ನಿನಂತೆ, ಅಲ್ಲೇ ಮನೆಯಿದ್ದವರು ಮಾತ್ರ ಹೋಗುವ ಜಾಗ.

ನಾನು ಕಾರಣ ಹೇಳಿದ ಮೇಲೆ ಸರೋಜಳನ್ನು ಪಾರ್ಲರಿಗೆ ಹೊರಡಿಸಿದ್ದು ಮೇಘನಾ. ಕಾವಲಿಗೆ ಹೋದದ್ದು ನಾನು. ಪಾದದ ಕೆಲಸ ಮಾಡುವ ಹುಡುಗಿ ಸುನೀತಾ ಜೋಗೇಶ್ವರಿಯಿಂದ ಬರುತ್ತಿದ್ದಳು. ಸರೋಜಳ ಪಾದವನ್ನು ಮಡಿಲಲ್ಲಿಟ್ಟುಕೊಂಡು, “ಆಂಟೀ, ಪೈರ್ ಢೀಲಾ ಛೋಡೋ ನಾ,” ಎಂದಳು. ಕಾಲು ಸಡಿಲ ಬಿಡಿ ಎಂದರೆ ಸರೋಜ ಇನ್ನಷ್ಟು ಬಿಗಿಹಿಡಿದಳು. ಯಾರದೋ ಮಡಿಲಿಗೆ ಕಾಲು ಚಾಚಿ ಕೂರುವುದು ಅವಳಿಗೆ ಅಭ್ಯಾಸವಿಲ್ಲ. ಆಮೇಲೆ ನೋಡಿದರೆ ಕಣ್ಣು ಮುಚ್ಚಿದ್ದಳು.

ಹೊರಡುವಾಗ ಸುನೀತಾ ಎಚ್ಚರಿಕೆ ಕೊಟ್ಟಳು. ಸುಡುನೀರು ಬೇಡ. ಸ್ನಾನವಾದೊಡನೆ ಪಾದದ ಪಸೆ ಆರುವ ಮೊದಲೇ ಕ್ರೀಮು ಹಚ್ಚಬೇಕು. ಕಲ್ಲಿನಿಂದ ದಿನಾ ಉಜ್ಜದೆ ವಾರಕ್ಕೊಮ್ಮೆ ಮೆಲ್ಲಗೆ ಉಜ್ಜಿದರೆ ಸಾಕು. “ಔರ್ ಘರ್ ಮೇ ಭೀ ಚಪ್ಪಲ್ ಪೆಹೆನ್ನಾ, ಆಂಟೀ.” ಮನೆಯೊಳಗೂ ಚಪ್ಪಲಿ.

ಇದೊಂದರಲ್ಲಿ ಇಡೀ ಯೋಜನೆ ಹಳಿ ತಪ್ಪಿತು. ಸರೋಜ ದಿನದ ಬಹುಭಾಗ ನಿಲ್ಲುವುದು ಒಲೆಯ ಮುಂದೆ, ತಣ್ಣಗಿನ ಟೈಲಿನ ಮೇಲೆ, ಬರಿಗಾಲಲ್ಲಿ. ಮೇಘನಾ ಮೆತ್ತನೆಯ ಹೊಸ ಚಪ್ಪಲಿ ತಂದಿಟ್ಟಳು.

“ಅಡುಗೆಮನೇಲಿ ಚಪ್ಪಲೀನಾ? ಪಕ್ಕದಲ್ಲೇ ದೇವರಿದ್ದಾನೆ.”

“ಅಮ್ಮಾ, ನ್ಯೂ ಹೈ! ಬಾಹರ್ ಗಯಾ ಹೀ ನಹೀ.”

“ಹೊರಗೆ ಹೋಗದೆ ಇದ್ರೆ ಅದೇನು ಪಾದುಕೆ ಆಗತ್ತಾ?”

ಇಂಥ ಹೊತ್ತಿನಲ್ಲಿ ಡೆಸ್ಕಿನ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಎರಡು ಕಡೆಯವರೂ ಸರಿಯಿದ್ದಾಗ ಮೂರನೆಯ ವಾಕ್ಯ ಹುಡುಕಬೇಕು. ಒಗೆದು ಒಣಗಿಸಿದ ಬಟ್ಟೆ ಮಡಿ ತಾನೆ, ಕಾಲುಚೀಲವೂ ಬಟ್ಟೆಯೇ ತಾನೆ ಎಂದೆ. ಸರೋಜ ಸ್ವಲ್ಪ ಯೋಚಿಸಿ ಒಪ್ಪಿದಳು. ಆಫೀಸಿಗೆ ಹಾಕುತ್ತಿದ್ದ ನನ್ನ ಬೂದು ಬಣ್ಣದ ಹತ್ತಿಯ ಕಾಲುಚೀಲಗಳು ನಿವೃತ್ತಿಯ ನಂತರ ಮತ್ತೆ ಕೆಲಸಕ್ಕೆ ಸೇರಿದವು.

ಮೊದಲ ದಿನವೇ ತೊಂದರೆ ಕಂಡಿತು. ಕಾಲುಂಗುರ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ಟೈಲಿನ ಮೇಲೆ ಕಾಲುಚೀಲ ಜಾರಿ, ಸರೋಜ ಸಾಂಬಾರಿನ ಪಾತ್ರೆಯೊಂದಿಗೆ ಫ್ರಿಜ್ಜಿನವರೆಗೆ ತೇಲಿಹೋದಳು. “ನಿಮ್ಮ ಷಷ್ಟ್ಯಬ್ದಿಗೆ ಮೊದಲು ನನ್ನ ಸೊಂಟ ಮುರಿಯತ್ತೆ,” ಎಂದಳು. ನಾನು ಕತ್ತರಿ ತಂದು ಕಾಲುಚೀಲದ ಬೆರಳಿನ ಭಾಗವನ್ನು ಕತ್ತರಿಸಿದೆ. ಹಿಮ್ಮಡಿ ಕ್ರೀಮಿನೊಂದಿಗೆ ಒಳಗೆ ಬೆಚ್ಚಗೆ, ಬೆರಳು ಹೊರಗೆ ನೆಲ ಹಿಡಿದುಕೊಂಡು, ಕಾಲುಂಗುರ ಸ್ವತಂತ್ರ. ನಾನು ಬದುಕಿನಲ್ಲಿ ಎಷ್ಟೋ ಜನರ ಬರಹ ಕತ್ತರಿಸಿದ್ದೇನೆ. ಕತ್ತರಿಸಿದ್ದಕ್ಕೆ ಮೆಚ್ಚುಗೆ ಸಿಕ್ಕಿದ್ದು ಇದೇ ಮೊದಲು.

ಸಮಾರಂಭದ ದಿನದವರೆಗೂ ಕ್ರಮ ತಪ್ಪಲಿಲ್ಲ. ಆದರೂ ಪಾದ ತೊಳೆಸಿಕೊಳ್ಳಲು ಸರೋಜ ಹೂಂ ಎಂದಿರಲಿಲ್ಲ. ಹಾಲ್‌ನಲ್ಲಿ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂರಿಸಿದರು. ಮೇಘನಾ ಬೆಳ್ಳಿಯ ತಟ್ಟೆ ಇಟ್ಟುಕೊಂಡು, ಚೊಂಬು ಹಿಡಿದು ಕೆಳಗೆ ಕೂತಳು. ಸರೋಜಳ ಪಾದ ಸೀರೆಯ ಅಂಚಿನೊಳಗೇ ಇತ್ತು. ಪುರೋಹಿತರು ಮಂತ್ರವನ್ನು ಎಳೆದರು. ಮೇಘನಾ ತಲೆಯೆತ್ತಿ, “ಅಮ್ಮಾ, ಪ್ಲೀಸ್ ನಾ,” ಎಂದಳು. ಅರಿಶಿನದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಬೇರೆ ಯಾರೂ ಅಲ್ಲ, ಇಂದಿರಾ.

ಸರೋಜ ಅವಳನ್ನೊಮ್ಮೆ ನೋಡಿದಳು. ಆಮೇಲೆ ಪಾದವನ್ನು ಹೊರಗೆ ತಂದು ತಟ್ಟೆಯಲ್ಲಿಟ್ಟಳು.

ಮೇಘನಾ ನೀರು ಹಾಕಿ ತೊಳೆದಳು. ತೊಳೆದಾದ ಮೇಲೂ ಅವಳ ಅಂಗೈ ಅಮ್ಮನ ಹಿಮ್ಮಡಿಯ ಕೆಳಗೇ ಇತ್ತು. ಇಂದಿರಾ ಬಗ್ಗಿ ಅರಿಶಿನ ಹಚ್ಚಿದಳು. ಒಂದು ಚಿಟಿಕೆಯಲ್ಲೇ ಮುಗಿಯಿತು.

“ಡಬ್ಬಿ ಉಳೀತಲ್ಲ, ಇಂದಿರಾ,” ಎಂದಳು ಸರೋಜ, ಸಕ್ಕರೆ ಬೇಕಾ ಎಂದು ಕೇಳುವಷ್ಟೇ ಸಹಜವಾಗಿ.

“ಅಬ್ಬಾ, ಇನ್ನೂ ಮರ್ತಿಲ್ವೇನೇ ನೀನು?” ಎಂದು ಇಂದಿರಾ ಜೋರಾಗಿ ನಕ್ಕಳು. ಈ ಸಲ ಸರೋಜ ನಕ್ಕದ್ದು ನಿಜವಾಗಿ.

ನಂತರ ನನ್ನ ಸರದಿ. ಒರೆಸಲು ಮೇಘನಾ ತನ್ನ ರೇಷ್ಮೆ ಸೆರಗನ್ನೇ ಎಳೆದುಕೊಂಡಳು. ಸೆರಗು ನನ್ನ ಹಿಮ್ಮಡಿಗೆ ಸಿಕ್ಕಿ ಪರ್‌ ಎಂದಿತು.

“ಪಪ್ಪಾ! ಯೆ ಕ್ಯಾ ಹೈ? ಸ್ಯಾಂಡ್‌ಪೇಪರ್?”

ಇಡೀ ಹಾಲಿಗೆ ಕೇಳಿಸಿತು. ಒಬ್ಬರ ಪಾದ ನೋಡಿಕೊಳ್ಳುತ್ತಿದ್ದವನಿಗೆ ತನಗೂ ಒಂದು ಜೊತೆ ಇದೆಯೆಂಬುದು ಮರೆತೇಹೋಗಿತ್ತು.

ಮರುದಿನ ಬೆಳಗ್ಗೆ ಸರೋಜ ಉಗುರುಬೆಚ್ಚಗಿನ ನೀರಿನ ಟಬ್ಬು ತಂದು ನನ್ನ ಮುಂದಿಟ್ಟು, ಮಣೆ ಎಳೆದುಕೊಂಡು ಕೂತಳು. ನಾನೇ ಮಾಡಿಕೊಳ್ಳುತ್ತೇನೆ ಎಂದೆ. “ಕಾಲು ಸಡಿಲ ಬಿಡ್ರೀ,” ಎಂದಳು. ಬಿಡಲು ಬರಲಿಲ್ಲ. ಪಾರ್ಲರಿನ ಫಲದಲ್ಲಿ ಕ್ರೀಮಿನ ಪಾಲು ಅಷ್ಟು ದೊಡ್ಡದಲ್ಲ ಎಂದು ಆಗ ಅನಿಸಿತು. ಇನ್ನೊಬ್ಬರು ನಮ್ಮ ಕಾಲನ್ನು ಮಡಿಲಿಗೆಳೆದುಕೊಂಡು ಸಡಿಲ ಬಿಡು ಎನ್ನುತ್ತಾರಲ್ಲ, ಮನೆಗೆ ತರಬೇಕಾದದ್ದು ಅದನ್ನು. ಒಬ್ಬರೇ ಇದ್ದುಕೊಂಡು ಮಾಡಿಕೊಳ್ಳಲಾಗದ ಒಂದೇ ಸೌಂದರ್ಯಸಾಧನ ಅದು.

ಕ್ರೀಮು ಹಚ್ಚಿ ಮುಗಿಸಿ ಅವಳು ಒಂದು ಜೊತೆ ಬೂದು ಕಾಲುಚೀಲ ತೊಡಿಸಿದಳು. ಮುಂದಿನಿಂದ ನನ್ನ ಹತ್ತೂ ಬೆರಳು ಇಣುಕಿದವು.

“ನನಗೆಲ್ಲಿದೆ ಕಾಲುಂಗುರ? ಪೂರ್ತಿ ಇರೋದು ಕೊಡು.”

“ಪೂರ್ತಿ ಇರೋದು ಎಲ್ಲಿ ಉಳಿಸಿದ್ದೀರಿ? ಎಲ್ಲಾ ಕತ್ತರಿಸಿ ನಂಗೆ ಕೊಟ್ಟಾಯ್ತಲ್ಲ,” ಎಂದು ಅವಳು ನೀರು ಚೆಲ್ಲಲು ಎದ್ದಳು, ತಾನೂ ಅಂಥದೇ ಒಂದು ಜೊತೆ ತೊಟ್ಟು.