ನಿಂಗಯ್ಯನವರ ಮಾರು

ಮಧ್ಯಾಹ್ನದ ಹೊತ್ತಿಗೆ ನಿಂಗಯ್ಯನವರ ಎಡಗೆನ್ನೆಯ ಮೇಲೆ ಮರದ ತೊಗಟೆಯ ಅಚ್ಚು ಮೂಡಿರುತ್ತಿತ್ತು. ಮರವನ್ನು ತಬ್ಬಿ, ಕೆನ್ನೆ ಒತ್ತಿ, ಎರಡೂ ಕೈ ಚಾಚಿ ಸುತ್ತಳತೆ ತೆಗೆಯುವುದು ಅವರ ಪದ್ಧತಿ. ಸಂಸ್ಥೆ ಕೊಟ್ಟಿದ್ದ ಟೇಪು ಸಣ್ಣ ಮರಗಳಿಗೆ ಮಾತ್ರ. ದೊಡ್ಡ ಮರಕ್ಕೆ ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕು, ಅವರೋ ಒಬ್ಬರೇ. ಹಾಗಾಗಿ ಅಪ್ಪಿಕೊಂಡು ಅಳೆದು, ‘ಒಂದು ಮಾರು, ಮೂರು ಗೇಣು’ ಎಂದು ನೋಟ್ ಪುಸ್ತಕದಲ್ಲಿ ಗುಂಡಗೆ ಬರೆಯುತ್ತಿದ್ದರು.

ಮಾಲಿ ಕೆಲಸದಿಂದ ನಿವೃತ್ತರಾಗಿ ಅಶೋಕಪುರಂನಲ್ಲಿದ್ದರು. ಮೈಸೂರಿನ ಬೀದಿಮರಗಳನ್ನು ಉಳಿಸಲು ಹೊರಟಿದ್ದ ಒಂದು ಪುಟ್ಟ ಸಂಸ್ಥೆಗೆ ಮರ ಎಣಿಸಿಕೊಡುತ್ತಿದ್ದರು. ಇನ್ನೂ ಫ್ಲಾಪಿಗಳ ಕಾಲ ಅದು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ಅಲ್ಲಿ ಇಂಟರ್ನ್. ಅವರ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿ ಪಟ್ಟಿ ಮಾಡುವುದು ನನ್ನ ಕೆಲಸ.

ಒಂದು ದಿನ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ನಮ್ ಪಾರ್ಕಿನ್ ಮೂಲೇಲೈತಲ್ಲ ಹೊಂಗೆ, ಅದ್ನ ಇದ್ರಾಗೆ ಎಲ್ ಕುಂಡ್ರಿಸಿದ್ದೀಯೆ, ತೋರ್ಸವ್ವ."

ನಾನು ಒಂದು ಸಾಲನ್ನು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು. "ಇಷ್ಟೇನಾ? ಒಂದ್ ಎಲೆ ಇಲ್ಲ, ನೆಳ್ಳಿಲ್ಲ. ಓಗ್ಲಿ ಬುಡು, ಕೊಡ್ಲಿ ತಪ್ಪುದ್ರೆ ಸಾಕು ಕಣವ್ವ."

ಆ ಮಾತಿಗೆ ನಾನು ನಕ್ಕಿದ್ದೆ. ಪಟ್ಟಿಯಲ್ಲಿ ಹೆಸರಿದ್ದರೆ ಮರ ಉಳಿಯುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಅಷ್ಟರಲ್ಲಿ ಸಿದ್ಧಾರ್ಥನಗರದ ಕಡೆಯ ಒಂದು ರಸ್ತೆಯನ್ನು ಅಗಲ ಮಾಡುವ ಸುದ್ದಿ ಬಂತು. ಏಳೂವರೆ ಅಡಿ ಸುತ್ತಳತೆ ದಾಟಿದ ಮರಗಳ ಪಟ್ಟಿ ಕೊಟ್ಟರೆ, ಖುದ್ದಾಗಿ ನೋಡುವವರೆಗೆ ಅವನ್ನು ಮುಟ್ಟುವುದಿಲ್ಲ ಎಂದು ರಸ್ತೆ ಕೆಲಸದ ಅಧಿಕಾರಿಗಳು ನಮ್ಮ ಅಧ್ಯಕ್ಷರಿಗೆ ಮಾತು ಕೊಟ್ಟಿದ್ದರು. ಪಟ್ಟಿ ಮರುದಿನವೇ ಬೇಕಿತ್ತು. ಮಾರು, ಗೇಣುಗಳನ್ನು ಅಡಿಗೆ ಬದಲಾಯಿಸಬೇಕು. ನಿಂಗಯ್ಯನವರು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತೆ. ಟೈಪಿಸ್ಟ್ ಹುಡುಗಿ ಎರಡೂ ಬೆರಳ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅದೇ ಒಂದು ಮಾರು ಎಂದು ಲೆಕ್ಕ ಹಾಕಿಬಿಟ್ಟೆ. ಗೇಣೂ ನನ್ನದೇ.

ನಾನು ಐದಡಿಯವಳು. ನಿಂಗಯ್ಯನವರು ನಮ್ಮ ಕಚೇರಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದವರು. ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಳ್ಳುವಾಗ ಉದ್ದ ಕೈಯವಳನ್ನೇ ಹುಡುಕಿಕೊಂಡು ಹೋಗುವ ನನಗೆ ಆ ದಿನ ಇದು ಹೊಳೆಯಲಿಲ್ಲ. ಎಂ.ಎಸ್ಸಿ. ಬುದ್ಧಿ!

ಹನ್ನೊಂದು ಮಳೆಮರಗಳು ಪಟ್ಟಿಯಿಂದ ಹೊರಗುಳಿದವು. ಒಂದೇ ವಾರದಲ್ಲಿ ಅಷ್ಟೂ ನೆಲಕ್ಕುರುಳಿದವು.

ಸುದ್ದಿ ತಿಳಿದು ನಾವೆಲ್ಲ ಓಡಿದೆವು. ಅಧ್ಯಕ್ಷರು ಬಿದ್ದಿದ್ದ ಒಂದು ಬೊಡ್ಡೆಗೆ ಟೇಪು ಸುತ್ತಿದರು. ಎಂಟಡಿಯ ಮೇಲಿತ್ತು.

"ಕಂಪ್ಯೂಟರ್ ಲೆಕ್ಕದಲ್ಲಿ ಆರೂಮುಕ್ಕಾಲು ಅಂತಿದೆಯಲ್ಲಮ್ಮಾ! ಯಾರು ಅಳೆದಿದ್ದು?"

ಗೋಡೆಯ ಮೇಲಿನ ಗೆರೆಗಳು ಆಗ ನೆನಪಾದವು.

"ನಿಂಗಯ್ಯನವರು, ಸಾರ್."

ಸುಳ್ಳೇನಲ್ಲ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈವರೆಗೂ ಹೇಳಿಲ್ಲ. ನನ್ನ ಶಿಫಾರಸು ಪತ್ರಕ್ಕೆ ಅಧ್ಯಕ್ಷರ ಸಹಿ ಇನ್ನೂ ಬಿದ್ದಿರಲಿಲ್ಲ. ಅದೊಂದೇ ಕಾರಣ, ಬೇರೆ ನೆಪ ಹೇಳಲಾರೆ.

ನಿಂಗಯ್ಯನವರು ಅಲ್ಲೇ, ಕಡಿದ ಕೊಂಬೆಗಳ ಪಕ್ಕದಲ್ಲೇ ನಿಂತಿದ್ದರು. "ನಿಮ್ಮ ಮಾರು ಗೇಣು ನಂಬಿದ್ದೇ ತಪ್ಪಾಯ್ತು ಕಣ್ರೀ. ನಾಳೆಯಿಂದ ಬರೋದು ಬೇಡ" ಎಂದರು ಅಧ್ಯಕ್ಷರು. ನಿಂಗಯ್ಯನವರು ಜೇಬಿನಿಂದ ಟೇಪು ತೆಗೆದು ಅವರ ಕೈಗಿತ್ತು, ಬಿಸಿಲಿನಲ್ಲಿ ನಡೆದುಕೊಂಡೇ ಹೋದರು.

ಎರಡು ತಿಂಗಳಾದ ಮೇಲೆ, ಶಿಫಾರಸು ಪತ್ರ ಕೈಗೆ ಬಂದ ಮೇಲೆ, ಎಲ್ಲ ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತಿದ್ದರು. ತುಂಬ ಇಳಿದುಹೋಗಿದ್ದರು. ಸೊಸೆ ಕಾಫಿ ತಂದಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ವಯಸ್ಸಾಯ್ತು ಕಣವ್ವ. ಕೈ ಎಲ್ಲೋ ಜಾರ್ಬುಟ್ಟೈತೆ, ಗೊತ್ತೇ ಆಗ್ನಿಲ್ಲ. ಅನ್ನೊಂದ್ ಮರ ನನ್ನಿಂದ ಓದ್ವು. ನೀನಾರ ಸರಿಯಾಗ್ ಬರ್ಕೊಂಡಿದ್ಕೆ ಮಿಕ್ಕಿದ್ವು ಉಳ್ಕೊಂಡ್ವು. ನಿಂಗೆ ಒಳ್ಳೇದಾಗ್ಲಿ."

ಕಾಫಿ ಕುಡಿದೆ. ಕಾಲಿಗೆ ನಮಸ್ಕಾರ ಮಾಡಿದೆ. ತಲೆ ಮುಟ್ಟಿ ಹರಸಿದರು. ಇನ್ನೊಮ್ಮೆ ಬಂದಾಗ ಹೇಳೋಣ ಎಂದುಕೊಂಡು ಬಸ್ಸು ಹತ್ತಿದೆ.

ಆ ದೀಪಾವಳಿಗೆ ಮೊದಲೇ ನಿಂಗಯ್ಯನವರು ತೀರಿಕೊಂಡರು. ಹನ್ನೊಂದು ಮರ ಕಡಿಸಿದವರು ತಾವೇ ಎಂದುಕೊಂಡೇ ಹೋದರು.